ನಾಮಿನಿ ಯಾಕೆ ಕೇಳ್ತಾರೆ?

ನಮ್ಮ ಚಿಂತಾಮಣಿ ಕಡೆ ಯಾರಾದರೂ ‘ಬೆಂಗಳೂರಿನ ಆಸ್ಪತ್ರೇಲಿ ಟ್ರಯಲ್‌ಗೆ ಸೇರಿದ್ದೀನಿ’ ಅಂದರೆ ಸಾಕು, ಎದುರಿಗಿದ್ದವರ ಬಾಯಲ್ಲಿ ಎರಡು ಪ್ರಶ್ನೆ ರೆಡಿ ಇರುತ್ತವೆ. (ಟ್ರಯಲ್ ಅಂದರೆ ಔಷಧಿಯನ್ನು ಜನರಿಗೆ ಕೊಟ್ಟು ಪರೀಕ್ಷಿಸಿ ನೋಡುವ ಅಧ್ಯಯನ.) ದುಡ್ಡು ಎಷ್ಟು ಕೊಡ್ತಾರೆ? ಹೆಚ್ಚುಕಮ್ಮಿ ಆದ್ರೆ ಯಾರು ನೋಡ್ತಾರೆ? ಎರಡೂ ಕೇಳಬೇಕಾದ ಪ್ರಶ್ನೆಗಳೇ. ಎರಡಕ್ಕೂ ಕಾನೂನಿನಲ್ಲಿ ಉತ್ತರ ಇದೆ, ಮುಂದೆ ಹೇಳುತ್ತೇನೆ. ಆದರೆ ನಮ್ಮ ದೊಡ್ಡಮ್ಮ ಟ್ರಯಲ್‌ಗೆ ಸೇರಿದ್ದು ದುಡ್ಡಿಗಲ್ಲ. ವಿಜ್ಞಾನ ಉದ್ಧಾರ ಆಗಲಿ ಅಂತ ಅಂತೂ ಅಲ್ಲವೇ ಅಲ್ಲ. ಅವಳು ಯಾಕೆ ಸೇರಿದಳು, ಸೇರಿ ಯಾಕೆ ಕೊನೆಯವರೆಗೂ ಬಿಡದೆ ಹೋದಳು ಅನ್ನೋದನ್ನ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ದೊಡ್ಡಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವು ಬೇರೆ, ಇದು ಬೇರೆ. ರೋಗದಿಂದ ಕಾಯಬೇಕಾದ ಮೈಯೊಳಗಿನ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ. ಅವರದು ರೇಷ್ಮೆ ಮನೆ. ರೇಷ್ಮೆ ಹುಳ ಗೂಡು ಕಟ್ಟುವ ಚಂದ್ರಂಕಿಯಿಂದ ಗೂಡು ಬಿಡಿಸುವುದು ಅಂದರೆ ಪೂರ್ತಿ ಬೆರಳ ತುದಿಯ ಕೆಲಸ. ಮೊದಲೆಲ್ಲ ಮಾತಾಡುತ್ತಾ ಮಾತಾಡುತ್ತಾ ಬುಟ್ಟಿ ತುಂಬಿಸುತ್ತಿದ್ದವಳು, ಒಂದು ಬೆಳೆಯಲ್ಲಿ ಗೂಡು ಹಿಡಿಯಲಾಗದೆ ಅಲ್ಲೇ ಕೂತು ಅತ್ತಿದ್ದಳಂತೆ. ದೊಡ್ಡಪ್ಪ ಕೂಲಿಯವರನ್ನು ಕರೆದು ಬಿಡಿಸಿ, ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿ ಬಂದರು. ಕೂಲಿ ಕಳೆದರೆ ಉಳಿದಿದ್ದು ಅಷ್ಟಕ್ಕಷ್ಟೇ.

ಔಷಧಿ ಇರಲಿಲ್ಲ ಅಂತಲ್ಲ. ಮೆಥೊಟ್ರೆಕ್ಸೇಟ್ ಅನ್ನುವ ಮಾತ್ರೆ, ವಾರಕ್ಕೆ ಒಂದೇ ದಿನ ತಗೋಬೇಕು. ಹಳೆಯದು, ಬೆಲೆ ಕಡಿಮೆ, ಬಹಳ ಜನಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ದೊಡ್ಡಮ್ಮನಿಗೆ ಅರ್ಧಂಬರ್ಧ ಮಾಡಿತು. ತೋರಿಸಲು ಹೋದರೆ ಉದ್ದ ಕ್ಯೂ. ಒಳಗೆ ಹೋದ ಮೇಲೆ ಕೂರುವ ಮುಂಚೆಯೇ ‘ಅದೇ ಮಾತ್ರೆ ಮುಂದುವರಿಸಿ’. ಆ ಡಾಕ್ಟರನ್ನು ಬೈದು ಪ್ರಯೋಜನವಿಲ್ಲ. ಒಬ್ಬರೇ ಇದ್ದರು, ಹೊರಗೆ ವರಾಂಡ ತುಂಬಾ ಜನ.

ಕೊನೆಗೆ ಯಾರೋ ಹೇಳಿದರು ಅಂತ ಬೆಂಗಳೂರಿನ ಕೀಲು ತಜ್ಞರೊಬ್ಬರಿಗೆ ತೋರಿಸಿದೆವು. ಅಲ್ಲಿ ಆ ಡಾಕ್ಟರೇ ವಿಷಯ ಎತ್ತಿದರು. ‘ಒಂದು ಸ್ಟಡಿ ನಡೀತಿದೆ ಅಮ್ಮಾ, ನೀವು ಬರೋದಾದ್ರೆ ಇಂಜೆಕ್ಷನ್ನು, ಟೆಸ್ಟು ಎಲ್ಲ ಫ್ರೀ. ಮನೇಲಿ ಮಾತಾಡಿಕೊಂಡು ಹೇಳಿ.’

ಟ್ರಯಲ್‌ಗೆ ರೋಗಿಗಳು ಸಿಗುವುದು ಬಹುಪಾಲು ಹೀಗೇ. ಪೇಪರ್ ಜಾಹೀರಾತು, ಪೋಸ್ಟರ್ ಎಲ್ಲ ಆಮೇಲಿನದು. ಸಕ್ಕರೆ ಕಾಯಿಲೆ ಇರಲಿ, ಅಸ್ತಮಾ ಇರಲಿ, ಸ್ತನ ಕ್ಯಾನ್ಸರ್ ಇರಲಿ, ಈಗಾಗಲೇ ನೋಡುತ್ತಿರುವ ಡಾಕ್ಟರೇ ಕೇಳುತ್ತಾರೆ. ನನಗೆ ಕಸಿವಿಸಿ ಆಗುವುದೂ ಇಲ್ಲೇ. ನಮ್ಮ ಕಡೆಯ ಹೆಂಗಸೊಬ್ಬಳು ಬೆಂಗಳೂರಿನ ದೊಡ್ಡ ಡಾಕ್ಟರ ಎದುರು ಕೂತು ‘ಬೇಡ ಸಾರ್’ ಅಂತಾಳಾ? ಬೇಡ ಅಂದರೂ ಈಗಿನ ಚಿಕಿತ್ಸೆಗೆ ಏನೂ ತೊಂದರೆ ಆಗಲ್ಲ ಅಂತ ಒಪ್ಪಿಗೆ ಫಾರಂನಲ್ಲಿ ಬರೆದೇ ಇರುತ್ತದೆ. ಬರೆದಿರಬೇಕು ಅಂತ ನಿಯಮವೇ ಇದೆ. ಆದರೆ ಡಾಕ್ಟರ ಮುಖ ನೋಡಿಕೊಂಡು ಕೂತವರಿಗೆ ಫಾರಂ ಎಲ್ಲಿ ಕಾಣುತ್ತದೆ? ನಮ್ಮ ಡಾಕ್ಟರು ಒತ್ತಾಯ ಮಾಡಲಿಲ್ಲ. ಮನೆಗೆ ಹೋಗಿ ಯೋಚನೆ ಮಾಡಿ ಅಂತ ಫಾರಂ ಕೈಗೆ ಕೊಟ್ಟು ಕಳಿಸಿದರು. ಹಾಗೆ ಕಳಿಸದೆ ಅಲ್ಲೇ ಸಹಿ ಹಾಕಿಸಿಕೊಳ್ಳುವವರು ಸಿಕ್ಕರೆ ಎದ್ದು ಬರುವುದೇ ಒಳ್ಳೆಯದು.

ಆ ಫಾರಂ ಒಂದು ಚಿಕ್ಕ ಪುಸ್ತಕದಷ್ಟು ದಪ್ಪ ಇತ್ತು. ಊಟ ಆದ ಮೇಲೆ ಜಗಲಿ ಮೇಲೆ ಕೂತು ನಾನು ಓದಿ ಹೇಳುತ್ತಾ ಹೋದೆ. ಯಾವ ಔಷಧಿ, ಎಷ್ಟು ಸಲ ರಕ್ತ ತೆಗೀತಾರೆ, ಏನೇನು ತೊಂದರೆ ಬರಬಹುದು, ಯಾವಾಗ ಬೇಕಾದರೂ ಬಿಟ್ಟು ಬರಬಹುದು. ದೊಡ್ಡಮ್ಮ ಹೂಂಗುಟ್ಟುತ್ತಿದ್ದಳು. ಕೊನೆಯ ಹಾಳೆಗೆ ಬಂದೆವು. ಹೆಸರು, ವಿದ್ಯಾಭ್ಯಾಸ, ಕಸುಬು, ವರ್ಷದ ವರಮಾನ, ನಾಮಿನಿ ಹೆಸರು ಮತ್ತು ವಿಳಾಸ.

‘ಎಲ್‌ಐಸಿ ಫಾರಂ ಇದ್ದಂಗೆ ಇದೆಯಲ್ಲೇ. ನಾಮಿನಿ ಯಾಕೆ ಕೇಳ್ತಾರೆ?’

ಜಗಲಿ ಮೇಲೆ ಯಾರೂ ಮಾತಾಡಲಿಲ್ಲ. ಯಾಕೆ ಅಂತ ಅಲ್ಲೇ ಬರೆದಿತ್ತು: ಟ್ರಯಲ್‌ನಿಂದಾಗಿ ಸಾವು ಬಂದರೆ ಪರಿಹಾರ ಕೊಡುವುದಕ್ಕೆ. ಓದಿ ಹೇಳಿದೆ. ದೊಡ್ಡಪ್ಪ ಎದ್ದು ದನಕ್ಕೆ ಮೇವು ಹಾಕಲು ಹೊರಟರು, ಆಗತಾನೇ ಹಾಕಿ ಬಂದಿದ್ದರೂ. ದೊಡ್ಡಮ್ಮ ಮಾತ್ರ ‘ಸರಿ, ಸಣ್ಣ ಮಗನ ಹೆಸರು ಬರಿ, ದೊಡ್ಡವನು ಕುಡಿದು ಹಾಳು ಮಾಡ್ತಾನೆ’ ಅಂದಳು.

ಆ ನಾಮಿನಿ ಸಾಲು ನಮ್ಮ ದೇಶದ ಒಪ್ಪಿಗೆ ಪತ್ರಕ್ಕೆ ಬಂದಿದ್ದು ಸುಮ್ನೆ ಅಲ್ಲ. ಅದರ ಹಿಂದೆ ಒಂದು ಕಹಿ ಕತೆ ಇದೆ. 2009ರಲ್ಲಿ ಆಗಿನ ಅವಿಭಜಿತ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರದಲ್ಲೂ ಪಾತ್ ಅನ್ನುವ ಅಮೆರಿಕದ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆ ಸೇರಿ, ಸಾವಿರಾರು ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಿತು. ಖಮ್ಮಂನಲ್ಲಿ ಹಾಸ್ಟೆಲ್ ಹುಡುಗಿಯರ ಪರವಾಗಿ ಅಪ್ಪ ಅಮ್ಮನಲ್ಲ, ವಾರ್ಡನ್‌ಗಳು ಸಹಿ ಹಾಕಿದ್ದರು. ಏಳು ಹುಡುಗಿಯರು ತೀರಿಕೊಂಡ ಸುದ್ದಿ ಬಂದು 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಿದರು. ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಅಂತ ತನಿಖೆ ಹೇಳಿತು. ಲಸಿಕೆ ಒಳ್ಳೆಯದೇ, ಇವತ್ತು ನನ್ನ ಮಗಳಿಗೆ ಹಾಕಿಸಿ ಅಂದರೆ ಹಾಕಿಸುತ್ತೇನೆ. ಆದರೆ ಒಪ್ಪಿಗೆ ತಗೊಂಡ ರೀತಿ ಸರಿ ಇರಲಿಲ್ಲ ಅಂತ 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾಗಿಯೇ ಬರೆಯಿತು.

ಅದೇ ಹೊತ್ತಿಗೆ ಇಂದೋರಿನ ಸ್ವಾಸ್ಥ್ಯ ಅಧಿಕಾರ್ ಮಂಚ್ ಅನ್ನುವ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2005ರಿಂದ 2012ರ ನಡುವೆ 475 ಹೊಸ ಔಷಧಿಗಳ ಟ್ರಯಲ್‌ಗಳಲ್ಲಿ 2,644 ಜನ ತೀರಿಕೊಂಡಿದ್ದಾರೆ, ಅದರಲ್ಲಿ 80 ಸಾವಿಗೆ ಟ್ರಯಲ್ಲೇ ಕಾರಣ ಅಂತ ಸರ್ಕಾರವೇ ಅಲ್ಲಿ ಹೇಳಬೇಕಾಯಿತು. ದೊಡ್ಡ ಸಂಖ್ಯೆ ನೋಡಿ ಹೆದರಬೇಡಿ. ಕ್ಯಾನ್ಸರಿನ ಕೊನೆ ಹಂತದಲ್ಲಿ ಸೇರಿದವರು ಕಾಯಿಲೆಯಿಂದಲೇ ಹೋಗಿರುತ್ತಾರೆ. ಚಿಕ್ಕ ಸಂಖ್ಯೆ ನೋಡಿ ಸಮಾಧಾನವನ್ನೂ ಪಡಬೇಡಿ.

ಈಗಿರುವುದು 2019ರ ಮಾರ್ಚ್‌ನಲ್ಲಿ ಬಂದ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಮೊದಲು ಹೇಳಿದ ಎರಡನೇ ಪ್ರಶ್ನೆಗೆ ಉತ್ತರ ಅಲ್ಲಿದೆ. ಟ್ರಯಲ್ ನಡೆಯುವಾಗ ಮೈಗೆ ಏನಾದರೂ ಆದರೆ ಚಿಕಿತ್ಸೆ ಪುಕ್ಕಟೆ ಕೊಡಬೇಕು, ಎಲ್ಲಿಯವರೆಗೆ ಬೇಕೋ ಅಲ್ಲಿಯವರೆಗೆ, ಅಥವಾ ಇದಕ್ಕೂ ಟ್ರಯಲ್‌ಗೂ ಸಂಬಂಧವಿಲ್ಲ ಅಂತ ಸಾಬೀತಾಗುವವರೆಗೆ. ಗಂಭೀರ ತೊಂದರೆ ಆದರೆ ಡಾಕ್ಟರು 24 ಗಂಟೆಯೊಳಗೆ ಮೇಲಿನವರಿಗೆ ವರದಿ ಮಾಡಬೇಕು. ಟ್ರಯಲ್‌ನಿಂದಲೇ ಸಾವು ಅಂತಾದರೆ ಪರಿಹಾರಕ್ಕೆ ಲೆಕ್ಕ ಇದೆ. 8 ಲಕ್ಷ ಮೂಲ. ಅದನ್ನು ವಯಸ್ಸಿಗೊಂದು ಅಂಕಿ, ಕಾಯಿಲೆಯ ಅಪಾಯಕ್ಕೊಂದು ಅಂಕಿಯಿಂದ ಗುಣಿಸಿ 99.37ರಿಂದ ಭಾಗಿಸುತ್ತಾರೆ. 65 ದಾಟಿದವರ ವಯಸ್ಸಿನ ಅಂಕಿಯೂ 99.37 ಆಗಿರುವುದರಿಂದ ಅದು ಹೊಡೆದುಹೋಗಿ, ಬರೀ 8 ಲಕ್ಷ ಮತ್ತು ಅಪಾಯದ ಅಂಕಿ ಉಳಿಯುತ್ತದೆ. ಆರೋಗ್ಯವಾಗಿದ್ದವರಿಗೆ ಆ ಅಂಕಿ 4, ಅಂದರೆ 32 ಲಕ್ಷ. ಆರು ತಿಂಗಳೂ ಬದುಕುವುದು ಕಷ್ಟ ಅನ್ನುವಂಥವರಿಗೆ ಅರ್ಧ, ಅಂದರೆ 4 ಲಕ್ಷ. ವಯಸ್ಸು ಕಡಿಮೆಯಾದಷ್ಟೂ ಮೊತ್ತ ಜಾಸ್ತಿ. ಈ ಲೆಕ್ಕ ಮಾಡಿದವರು ಯಾರೋ, ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೋ ಇಲ್ಲವೋ. ಆದರೂ ಲೆಕ್ಕವೇ ಇಲ್ಲದೆ ಕೈಗೆ ಬಂದಷ್ಟು ಕೊಟ್ಟು ಕಳಿಸುತ್ತಿದ್ದ ಕಾಲಕ್ಕಿಂತ ಇದು ವಾಸಿ.

ಇನ್ನು ಎಥಿಕ್ಸ್ ಕಮಿಟಿ, ಅಂದರೆ ಟ್ರಯಲ್‌ನಲ್ಲಿ ರೋಗಿಗಳಿಗೆ ಅನ್ಯಾಯ ಆಗದಂತೆ ನೋಡಿಕೊಳ್ಳುವ ಸಮಿತಿ. ಇದರ ಒಪ್ಪಿಗೆ ಇಲ್ಲದೆ ಯಾವ ಟ್ರಯಲ್ಲೂ ಶುರುವಾಗುವಂತಿಲ್ಲ. ಕನಿಷ್ಠ ಏಳು ಜನ ಇರಬೇಕು. ಅರ್ಧದಷ್ಟಾದರೂ ಆ ಆಸ್ಪತ್ರೆಗೆ ಸಂಬಂಧ ಇಲ್ಲದವರು ಇರಬೇಕು. ಒಬ್ಬರು ಕಾನೂನು ಗೊತ್ತಿರುವವರು, ಒಬ್ಬ ಹೆಂಗಸು, ಒಬ್ಬರು ನಮ್ಮ ನಿಮ್ಮಂಥ ಸಾಮಾನ್ಯರು. ರೋಗಿಗೆ ಕೊಡುವ ದುಡ್ಡು ಎಷ್ಟು, ಯಾಕೆ ಅಂತ ನೋಡುವುದು ಇವರ ಕೆಲಸ. ಜಾಸ್ತಿ ಕೊಟ್ಟರೆ ಆಸೆ ತೋರಿಸಿದಂತೆ, ಕೊಡದೇ ಇದ್ದರೆ ಬಡವರ ಬಸ್ ಚಾರ್ಜಿಗೆ ಕುತ್ತು. ಹಾಗಾಗಿ ಓಡಾಟದ ಖರ್ಚು ಅಂತ ಸ್ವಲ್ಪ ಕೊಡುತ್ತಾರೆ. ದೊಡ್ಡಮ್ಮನಿಗೂ ಕೊಡುತ್ತಿದ್ದರು. ತಮಾಷೆ ಏನೆಂದರೆ ಅವಳು ಹೋಗುತ್ತಿದ್ದುದು ಕೆಎಸ್‌ಆರ್‌ಟಿಸಿ ಕೆಂಪು ಬಸ್ಸಿನಲ್ಲಿ, ಶಕ್ತಿ ಯೋಜನೆಯ ಝೀರೋ ಟಿಕೆಟ್ಟಿನಲ್ಲಿ. ಟಿಕೆಟ್ ಕೊಡಿ ಅಂತ ಟ್ರಯಲ್‌ನ ಕೆಲಸ ನೋಡಿಕೊಳ್ಳುವ ಕೋಆರ್ಡಿನೇಟರ್ ಹುಡುಗಿ ಕೇಳಿದರೆ ಸೊನ್ನೆ ರೂಪಾಯಿ ಟಿಕೆಟ್ ತೆಗೆದು ಮೇಜಿನ ಮೇಲೆ ಇಟ್ಟಳು. ‘ಇದಕ್ಕೆ ಏನ್ ಬರ್ಕೊಳ್ಳಲಿ ಅಮ್ಮಾ?’ ಅಂತ ಆ ಹುಡುಗಿ ತಲೆ ಕೆರೆದುಕೊಂಡಳಂತೆ. ಭೇಟಿಗೆ ಇಷ್ಟು ಅಂತ ಗೊತ್ತುಮಾಡಿದ್ದರಿಂದ ದುಡ್ಡೇನೋ ಬಂತು. ಬರುವಾಗ ಕೆ.ಆರ್. ಪುರಂನಲ್ಲಿ ಮೊಮ್ಮಕ್ಕಳಿಗೆ ಬನ್ನು, ಬಿಸ್ಕತ್ತು ತಂದಳು.

ಅಷ್ಟು ದುಡ್ಡಿಗೆ ಬೆಳಿಗ್ಗೆ ಐದಕ್ಕೆ ಎದ್ದು, ಎಚ್. ಕ್ರಾಸ್, ಹೊಸಕೋಟೆ ದಾಟಿ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಯಾರೂ ಹೋಗಲ್ಲ. ಹಾಗಾದರೆ ಯಾಕೆ ಹೋಗುತ್ತಿದ್ದಳು?

ಒಂದು ಸಲ ನಾನು ಜೊತೆಗೆ ಹೋಗಿದ್ದಾಗ ಗೊತ್ತಾಯಿತು. ಒಳಗೆ ಡಾಕ್ಟರು ದೊಡ್ಡಮ್ಮನ ಎರಡೂ ಕೈ ಹಿಡಿದುಕೊಂಡು, ಒಂದೊಂದೇ ಕೀಲನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ‘ಇಲ್ಲಿ? ಇಲ್ಲಿ? ಇದು?’ ಭುಜ, ಮೊಣಕೈ, ಮಣಿಕಟ್ಟು, ಬೆರಳಿನ ಒಂದೊಂದು ಗೆಣ್ಣು, ಮಂಡಿ. ಒಟ್ಟು 28. ಈ ಕಾಯಿಲೆಯಲ್ಲಿ ಔಷಧಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಅಳೆಯುವುದು ಹೀಗೇ. ಪ್ರತಿ ಕೀಲಿಗೂ ನೋವಿದೆಯಾ, ಊತ ಇದೆಯಾ ಅಂತ ಬರೆದುಕೊಂಡರು. ಆಮೇಲೆ ಕೋಆರ್ಡಿನೇಟರ್ ಒಂದು ಪ್ರಶ್ನೆಪತ್ರಿಕೆ ತಂದಳು. ನಿಮ್ಮ ಬಟ್ಟೆ ನೀವೇ ಹಾಕಿಕೊಳ್ಳಲು ಆಗುತ್ತದಾ? ನಲ್ಲಿ ತಿರುಗಿಸಲು? ತುಂಬಿದ ಲೋಟ ಬಾಯಿಗೆ ಎತ್ತಲು? ಹಾಸಿಗೆಯಿಂದ ಏಳಲು? ಕಷ್ಟವಿಲ್ಲದೆಯಾ, ಸ್ವಲ್ಪ ಕಷ್ಟವಾ, ತುಂಬಾ ಕಷ್ಟವಾ, ಆಗೋದೇ ಇಲ್ಲವಾ?

ದೊಡ್ಡಮ್ಮ ಒಂದೊಂದಕ್ಕೂ ಯೋಚಿಸಿ ಉತ್ತರ ಹೇಳಿದಳು. ಅರ್ಧ ಕನ್ನಡ, ಅರ್ಧ ತೆಲುಗು, ನಮ್ಮ ಕಡೆಯ ಮಾಮೂಲಿ ಮಾತು. ಲೋಟದ ಪ್ರಶ್ನೆಗೆ ‘ಎರಡು ಕೈಲಿ ಹಿಡ್ಕೊಂಡ್ರೆ ಆಗುತ್ತೆ’ ಅಂದಳು. ಆಗಲೇ ನನಗೆ ಹೊಳೆದಿದ್ದು, ಮನೆಯಲ್ಲಿ ಅವಳು ಕಾಫಿ ಲೋಟವನ್ನು ಯಾವಾಗಲೂ ಎರಡು ಕೈಯಲ್ಲಿ ಹಿಡಿಯುತ್ತಿದ್ದಳು. ಅದು ಅವಳ ಅಭ್ಯಾಸ ಅಂದುಕೊಂಡಿದ್ದೆವು.

ಬಸ್ಸಿನಲ್ಲಿ ಬರುವಾಗ ಹೇಳಿದಳು: ‘ಇಷ್ಟು ವರ್ಷದಲ್ಲಿ ಯಾವ ಡಾಕ್ಟರೂ ನನ್ನ ಕೈ ಇಷ್ಟೊತ್ತು ಮುಟ್ಟಿ ನೋಡಿಲ್ಲ ಕಣೇ.’

ಪ್ರತಿ ಭೇಟಿಯ ಹಿಂದಿನ ದಿನ ಆ ಕೋಆರ್ಡಿನೇಟರ್ ಹುಡುಗಿ ಫೋನ್ ಮಾಡುತ್ತಿದ್ದಳು. ‘ಅಮ್ಮಾ, ನಾಳೆ ಬರಬೇಕು, ನೆನಪಿದೆ ತಾನೇ? ಜ್ವರ ಇದೆಯಾ? ಕೆಮ್ಮು?’ ಇಂಜೆಕ್ಷನ್ ಆದ ಮೇಲೆ ಇನ್ನೊಂದು ಫೋನು. ಜ್ವರದ ಪ್ರಶ್ನೆ ಪ್ರೀತಿಯಿಂದ ಬಂದಿದ್ದಲ್ಲ, ನಿಯಮದಿಂದ ಬಂದಿದ್ದು. ಕೇಳದಿದ್ದರೆ ಅವಳ ಕೆಲಸಕ್ಕೆ ಸಂಚಕಾರ. ದೊಡ್ಡಮ್ಮನಿಗೆ ಅದೆಲ್ಲ ಬೇಕಿರಲಿಲ್ಲ. ‘ಹೆತ್ತ ಮಕ್ಕಳು ಫೋನ್ ಮಾಡಲ್ಲ, ಅವಳು ಮಾಡ್ತಾಳೆ’ ಅಂತ ಊರೆಲ್ಲ ಹೇಳಿಕೊಂಡು ಬಂದಳು. (ಮಕ್ಕಳಿಬ್ಬರೂ ಅದೇ ಮನೆಯಲ್ಲಿ ಇದ್ದಾರೆ, ಫೋನ್ ಯಾಕೆ ಮಾಡಬೇಕೋ!)

ನಿಯಮಗಳೆಲ್ಲ ಕಣ್ಣಿಟ್ಟಿರುವುದು ದುಡ್ಡಿನ ಆಸೆಯ ಮೇಲೆ. ನಮ್ಮ ಕಡೆಯವರನ್ನು ಟ್ರಯಲ್‌ಗೆ ಎಳೆಯುವುದು ದುಡ್ಡಲ್ಲ, ವಿಚಾರಿಸಿಕೊಳ್ಳುವವರು ಇದ್ದಾರೆ ಅನ್ನುವುದು. ಕೂರಿಸಿ, ಹೆಸರು ಹಿಡಿದು ಕರೆದು, ಎಲ್ಲಿ ನೋವು ಅಂತ ಕೇಳಿ, ಹೇಳಿದ್ದನ್ನು ಬರೆದುಕೊಳ್ಳುವುದು. ಇದು ಯಾವ ಎಥಿಕ್ಸ್ ಕಮಿಟಿಯ ಲೆಕ್ಕದಲ್ಲೂ ಆಮಿಷ ಅಲ್ಲ. ಆಗಲೂಬಾರದು, ಇದು ಚಿಕಿತ್ಸೆಯ ಭಾಗವೇ. ಆದರೆ ಟ್ರಯಲ್‌ನ ಹೊರಗೆ ಇದು ಸಿಗದೆ ಇರುವುದರಿಂದ, ಒಳಗೆ ಸಿಗುವುದು ಆಮಿಷದ ಕೆಲಸ ಮಾಡುತ್ತದೆ.

ವಿಚಾರಿಸಿಕೊಳ್ಳುವವರು ಇಲ್ಲ ಅನ್ನುವುದು ಇವತ್ತಿನ ಕತೆಯೂ ಅಲ್ಲ. ಅದನ್ನು ಹೇಳಲು ಕ್ಷಯದ ವಿಷಯಕ್ಕೆ ಬರಬೇಕು. ದೊಡ್ಡಮ್ಮನಿಗೆ ಇಂಜೆಕ್ಷನ್ ಶುರು ಮಾಡುವ ಮೊದಲು ಕ್ಷಯದ ಪರೀಕ್ಷೆ ಮಾಡಿದರು. ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ. ಯಾಕೆಂದರೆ ಆ ಇಂಜೆಕ್ಷನ್ ಟಿಎನ್‌ಎಫ್ ಅನ್ನುವ ಪ್ರೋಟೀನನ್ನು ತಡೆಯುತ್ತದೆ. ಹಾಗೆ ತಡೆದರೆ ಕೀಲುಗಳ ಊತ ಇಳಿಯುತ್ತದೆ ನಿಜ, ಆದರೆ ಮೈಯಲ್ಲಿ ಸುಮ್ಮನೆ ಮಲಗಿರುವ ಕ್ಷಯವನ್ನು ಹಿಡಿದಿಟ್ಟಿರುವುದೂ ಅದೇ ಪ್ರೋಟೀನು. ತಡೆದರೆ ಕ್ಷಯ ಎದ್ದು ಕೂರಬಹುದು. 2019-21ರ ರಾಷ್ಟ್ರೀಯ ಸರ್ವೆ ಪ್ರಕಾರ ನಮ್ಮ ದೇಶದಲ್ಲಿ 15 ದಾಟಿದವರ ಪೈಕಿ ಸುಮಾರು 31 ಶೇಕಡಾ ಜನರ ಮೈಯಲ್ಲಿ ಕ್ಷಯದ ಸೋಂಕು ಇದೆ. ಬಹುಪಾಲು ಜನಕ್ಕೆ ಅದು ಕಾಯಿಲೆ ಆಗುವುದೇ ಇಲ್ಲ. ದೊಡ್ಡಮ್ಮ ಪಾಸಾದಳು. ಬಾಗೇಪಲ್ಲಿ ಕಡೆಯ ಇನ್ನೊಬ್ಬ ಹೆಂಗಸು ಪರೀಕ್ಷೆಯಲ್ಲಿ ಪಾಸಿಟಿವ್ ಬಂದು ಹೊರಗುಳಿದಳು. ಕೆಲಸದ ಇಂಟರ್‌ವ್ಯೂನಲ್ಲಿ ಫೇಲಾದವರ ಹಾಗೆ ಮುಖ ಸಪ್ಪೆ ಮಾಡಿಕೊಂಡು ‘ನಾನು ಸೆಲೆಕ್ಟ್ ಆಗ್ಲಿಲ್ಲ’ ಅಂದಳು. ಅಪಾಯದಿಂದ ಪಾರಾದಳು ಅಂತ ನಾವು ಅಂದುಕೊಂಡರೆ, ಬಾಗಿಲು ಮುಚ್ಚಿತು ಅಂತ ಅವಳಿಗೆ.

ಕ್ಷಯ ಅಂದ ಮೇಲೆ ನಮ್ಮ ಪಕ್ಕದ ತುಮಕೂರನ್ನು ನೆನೆಯದೆ ಇರಲಾಗದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960-61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ದೊಡ್ಡ ಸರ್ವೆ ನಡೆಸಿದರು. ಅದರ ಬೆನ್ನಿಗೇ ದೇಬಬರ್ ಬ್ಯಾನರ್ಜಿ, ಸ್ಟಿಗ್ ಆಂಡರ್ಸನ್ ಅನ್ನುವ ಇಬ್ಬರು, ಕ್ಷಯ ಇರುವವರ ಮನೆಗೇ ಹೋಗಿ ಮಾತಾಡಿಸಿದರು. ಹಳ್ಳಿಯವರಿಗೆ ಕಾಯಿಲೆಯ ಅರಿವೇ ಇಲ್ಲ, ಆಸ್ಪತ್ರೆಗೆ ಬರೋದೇ ಇಲ್ಲ ಅನ್ನುವುದು ಆಗಿನ ನಂಬಿಕೆ. ಅವರು ಕಂಡಿದ್ದು ಬೇರೆ. ಬಹಳ ಜನಕ್ಕೆ ತಮಗೆ ಏನೋ ಆಗಿದೆ ಅಂತ ಚೆನ್ನಾಗಿ ಗೊತ್ತಿತ್ತು. ಅರ್ಧದಷ್ಟು ಜನ ಆಸ್ಪತ್ರೆಗೂ ಹೋಗಿ ಬಂದಿದ್ದರು. ಅಲ್ಲಿ ಕೆಮ್ಮಿನ ಔಷಧಿ ಬಾಟ್ಲಿ ಕೊಟ್ಟು ವಾಪಸ್ ಕಳಿಸಿದ್ದರು. ಕಫ ಪರೀಕ್ಷೆ ಮಾಡಿ ನೋಡಿದವರಿಲ್ಲ. 1963ರಲ್ಲಿ ಇದು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಕ್ಷಯದವರನ್ನು ಹುಡುಕಿಕೊಂಡು ಹೋಗುವ ಮೊದಲು, ಕೆಮ್ಮಿಕೊಂಡು ತಾವಾಗಿ ಬಂದವರನ್ನು ನೆಟ್ಟಗೆ ನೋಡಿ ಅನ್ನುವುದು ದೇಶದ ಕ್ಷಯ ಕಾರ್ಯಕ್ರಮದ ಬುನಾದಿಯೇ ಆಯಿತು. ತುಮಕೂರಿನ ಹಳ್ಳಿಯವರು ಆಗ ಹೇಳಿದ್ದನ್ನೇ ನಮ್ಮ ದೊಡ್ಡಮ್ಮ ಬಸ್ಸಿನಲ್ಲಿ ಹೇಳಿದ್ದು, ಅಲ್ವಾ?

ಅದಕ್ಕೂ ಸ್ವಲ್ಪ ಮುಂಚೆ, 1956ರಲ್ಲಿ, ಮದ್ರಾಸಿನಲ್ಲಿ ಒಂದು ಟ್ರಯಲ್ ಶುರುವಾಗಿತ್ತು. ವಾಲೇಸ್ ಫಾಕ್ಸ್ ಅನ್ನುವ ಬ್ರಿಟಿಷ್ ಡಾಕ್ಟರ ಮುಂದಾಳತ್ವ. ಆಗ ಕ್ಷಯ ಅಂದರೆ ಸ್ಯಾನಟೋರಿಯಂ. ನಮ್ಮ ಕಡೆಯವರು ಮದನಪಲ್ಲಿ ಹತ್ತಿರದ ಆರೋಗ್ಯವರಂಗೆ ಹೋಗುತ್ತಿದ್ದರು. ತಿಂಗಳುಗಟ್ಟಲೆ ಮನೆ ಬಿಟ್ಟಿರಬೇಕು, ಗಾಳಿ ಬೆಳಕು, ಒಳ್ಳೆ ಊಟ. ಬಡವರಿಗೆ ಇದು ಆಗುವ ಮಾತೇ? ಮದ್ರಾಸಿನಲ್ಲಿ 193 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಟೋರಿಯಂಗೆ, ಇನ್ನೊಂದು ತಮ್ಮ ಕಿಷ್ಕಿಂಧೆಯಂಥ ಮನೆಗಳಿಗೆ. ಇಬ್ಬರಿಗೂ ಒಂದೇ ಮಾತ್ರೆ. ಯಾರು ಎಲ್ಲಿಗೆ ಅಂತ ಡಾಕ್ಟರು ಆರಿಸುವಂತಿರಲಿಲ್ಲ, ರೋಗಿಯೂ ಆರಿಸುವಂತಿರಲಿಲ್ಲ. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ವಾಸಿಯಾಗಿದ್ದರು. ಅವರಿಂದ ಮನೆಯವರಿಗೆ ಅಂಟುವುದೂ ಜಾಸ್ತಿಯಾಗಿರಲಿಲ್ಲ. ಪ್ರಪಂಚದಾದ್ಯಂತ ಸ್ಯಾನಟೋರಿಯಂಗಳು ಬಾಗಿಲು ಹಾಕಲು ಇದೂ ಒಂದು ಕಾರಣ. ‘ಟ್ರಯಲ್ ಅಂದ್ರೆ ನಮ್ಮನ್ನ ಇಲಿ ಮಾಡ್ತಾರೆ’ ಅನ್ನುವವರು ಸಿಕ್ಕಾಗೆಲ್ಲ ನಾನು ಈ ಕತೆ ಹೇಳುತ್ತೇನೆ. ಇವತ್ತು ನಮ್ಮಲ್ಲಿ ಕ್ಷಯದವರು ಮನೆಯಲ್ಲೇ ಇದ್ದು ಮಾತ್ರೆ ನುಂಗಿ ವಾಸಿಯಾಗುತ್ತಿರುವುದು ಆ 193 ಜನ ಒಪ್ಪಿದ್ದರಿಂದ.

ಎಲ್ಲ ಅಧ್ಯಯನದಲ್ಲೂ ಔಷಧಿ ಇರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಮೆದುಳು ಸಂಶೋಧನಾ ಕೇಂದ್ರದವರು ವಯಸ್ಸಾದಂತೆ ಮರೆವು ಹೇಗೆ ಬರುತ್ತದೆ ಅಂತ ನೋಡುತ್ತಿದ್ದಾರೆ. 45 ದಾಟಿದ ಹಳ್ಳಿಯವರು, ಒಟ್ಟು 10,000 ಜನರನ್ನು ಸೇರಿಸಿಕೊಳ್ಳುವ ಗುರಿ. ಅಲ್ಲಿ ಏನನ್ನೂ ಕೊಟ್ಟು ನೋಡುವುದಿಲ್ಲ, ವರ್ಷಗಟ್ಟಲೆ ಪರೀಕ್ಷೆ ಮಾಡುತ್ತಾ ಹೋಗುತ್ತಾರೆ. ಮರೆವಿನ ಕಾಯಿಲೆ ಬಗ್ಗೆ ಗೊತ್ತಿರುವುದು ಬಹುಪಾಲು ಬಿಳಿಯರ ಮೆದುಳು ನೋಡಿ. ರಾಗಿ ಮುದ್ದೆ ತಿಂದು, ಶಾಲೆ ಕಾಣದೆ, ಹೊಲದಲ್ಲಿ ದುಡಿದವರ ಮೆದುಳಿನ ಕತೆ ಬೇರೆ ಇರಬಹುದಲ್ಲ.

ದೊಡ್ಡಮ್ಮನ ಟ್ರಯಲ್‌ನಲ್ಲಿ ಔಷಧಿ ಇತ್ತು, ಆದರೆ ಪೂರ್ತಿ ಹೊಸದಲ್ಲ. ಈಗಾಗಲೇ ಮಾರುಕಟ್ಟೆಯಲ್ಲಿರುವ ದುಬಾರಿ ಇಂಜೆಕ್ಷನ್ನಿನ ಕಡಿಮೆ ಬೆಲೆಯ ಜೋಡಿ. ಇಂಥ ಔಷಧಿಗಳನ್ನು ಜೀವಕೋಶಗಳಲ್ಲಿ ಬೆಳೆಸಿ ತೆಗೆಯುತ್ತಾರೆ. ಹಾಗಾಗಿ ಮಾಮೂಲಿ ಮಾತ್ರೆಯಂತೆ ಅಚ್ಚು ಹೊಡೆದ ಹಾಗೆ ನಕಲು ಮಾಡಲಾಗುವುದಿಲ್ಲ. ರೋಗಿಗಳಲ್ಲೇ ಹೋಲಿಸಿ ನೋಡಬೇಕು. ಅರ್ಧ ಜನಕ್ಕೆ ಮೂಲದ್ದು, ಅರ್ಧ ಜನಕ್ಕೆ ಜೋಡಿಯದ್ದು. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಗೊತ್ತುಮಾಡುತ್ತದೆ. ಡಾಕ್ಟರಿಗೂ ಹೇಳುವುದಿಲ್ಲ, ರೋಗಿಗೂ ಹೇಳುವುದಿಲ್ಲ. ಬರೀ ನೀರಿನ ಇಂಜೆಕ್ಷನ್ ಯಾರಿಗೂ ಇರಲಿಲ್ಲ, ಇದು ನಮ್ಮ ಅದೃಷ್ಟ. ದೊಡ್ಡಮ್ಮನಿಗೆ ಯಾವುದು ಬಂತು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಯಾವುದೇ ಇರಲಿ, ಕೆಲಸ ಮಾಡಿತು. ಊತ ಇಳಿಯಿತು. ಆ ಸಲದ ಬೆಳೆಯಲ್ಲಿ ಅವಳೇ ಕೂತು ಗೂಡು ಬಿಡಿಸಿದಳು. ಕೂಲಿಯವರಿಗೆ ಪಾಠ ಬೇರೆ ಹೇಳಿಕೊಟ್ಟಳು.

ಆಮೇಲೆ ಟ್ರಯಲ್ ಮುಗಿಯಿತು.

ಮುಗಿಯುತ್ತದೆ ಅಂತ ಫಾರಂನಲ್ಲಿ ಬರೆದಿತ್ತು, ನಾನೇ ಓದಿ ಹೇಳಿದ್ದೆ. ಆದರೆ ಕೈ ನೋಯುತ್ತಿರುವಾಗ ಕೇಳಿದ ‘ಮುಗಿಯುತ್ತದೆ’ ಬೇರೆ, ನೋವು ಹೋದ ಮೇಲೆ ಕೇಳುವುದು ಬೇರೆ. ಕೊನೆಯ ಭೇಟಿಯಲ್ಲಿ ಡಾಕ್ಟರು ಒಂದು ಪತ್ರ ಕೊಟ್ಟರು, ಮತ್ತೆ ಹಳೆ ಮಾತ್ರೆ ಬರೆದರು. ಇಂಜೆಕ್ಷನ್ ಅಂಗಡಿಯಲ್ಲಿ ಸಿಗುತ್ತದೆ. ಎರಡು ವಾರಕ್ಕೊಂದರಂತೆ ಕೊಳ್ಳುತ್ತಾ ಹೋದರೆ ರೇಷ್ಮೆ ಬೆಳೆಯ ದುಡ್ಡೆಲ್ಲ ಅದಕ್ಕೇ. ಆಯುಷ್ಮಾನ್ ಕಾರ್ಡು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ, ಮನೆಯಲ್ಲಿದ್ದು ವರ್ಷಗಟ್ಟಲೆ ಚುಚ್ಚಿಸಿಕೊಳ್ಳುವವರಿಗಲ್ಲ. 2019ರ ನಿಯಮಗಳಲ್ಲಿ ಟ್ರಯಲ್ ಮುಗಿದ ಮೇಲೂ ಔಷಧಿ ಪುಕ್ಕಟೆ ಕೊಡುವ ದಾರಿ ಒಂದಿದೆ, 27ನೇ ನಿಯಮ. ಡಾಕ್ಟರು ಶಿಫಾರಸು ಮಾಡಬೇಕು, ಎಥಿಕ್ಸ್ ಕಮಿಟಿ ಒಪ್ಪಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಕಾಯಿಲೆಗೆ ಬೇರೆ ಚಿಕಿತ್ಸೆ ಇರಬಾರದು. ದೊಡ್ಡಮ್ಮನ ಕಾಯಿಲೆಗೆ ಬೇರೆ ಚಿಕಿತ್ಸೆ ಇದೆ. ಅಂಗಡಿಯಲ್ಲಿದೆ. ಕೊಳ್ಳಲು ಆಗುತ್ತದೋ ಇಲ್ಲವೋ ಅನ್ನುವುದು ಆ ನಿಯಮದ ವಿಷಯ ಅಲ್ಲ.

ಯಾರೂ ಮೋಸ ಮಾಡಲಿಲ್ಲ. ಹೇಳಿದ್ದನ್ನೆಲ್ಲ ಮಾಡಿದರು. ಅದಕ್ಕೇ ಯಾರನ್ನು ಬೈಯಬೇಕು ಅಂತ ಗೊತ್ತಾಗದೆ ನಾನು ಸುಮ್ಮನಿದ್ದೆ. ಈಗ ಯಾರಾದರೂ ಟ್ರಯಲ್ ಬಗ್ಗೆ ಕೇಳಿದರೆ ಸೇರಿ ಅಂತಲೂ ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ. ಮುಗಿದ ಮಾರನೇ ದಿನ ಯಾರು ನೋಡ್ತಾರೆ, ಯಾವ ಔಷಧಿ ಕೊಡ್ತಾರೆ, ಅದನ್ನ ಮೊದಲೇ ಕೇಳಿ ಅಂತೀನಿ. ಸಹಿ ಹಾಕಿದ ಫಾರಂನ ಒಂದು ಪ್ರತಿ ನಿಮಗೆ ಕೊಡಲೇಬೇಕು, ಬಿಡದೆ ಇಸ್ಕೊಳ್ಳಿ ಅಂತೀನಿ.

ಇನ್ನೊಂದು, ನೋಂದಣಿ ಸಂಖ್ಯೆ. ಈಚೆಗೆ ವಾಟ್ಸಾಪಿನಲ್ಲಿ ಬರುವ ‘ಸಕ್ಕರೆ ಕಾಯಿಲೆ, ಬಿಪಿ, ಮಂಡಿ ನೋವು ಇರುವವರಿಗೆ ಉಚಿತ ಚಿಕಿತ್ಸೆ, ಕೂಡಲೇ ಕರೆ ಮಾಡಿ’ ಅನ್ನುವ ಮೆಸೇಜುಗಳಿಗೆ ಇದು ಒಳ್ಳೆಯ ಜರಡಿ. ನಮ್ಮ ದೇಶದಲ್ಲಿ ಸಿಟಿಆರ್‌ಐ ಅಂತ ಟ್ರಯಲ್‌ಗಳ ದಾಖಲೆ ಪುಸ್ತಕ ಇದೆ. ಐಸಿಎಂಆರ್‌ನವರು 2007ರ ಜುಲೈನಲ್ಲಿ ಶುರು ಮಾಡಿದ್ದು, 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಸಂಖ್ಯೆ ಸಿಟಿಆರ್‌ಐ ಅಂತ ಶುರುವಾಗಿ, ವರ್ಷ, ತಿಂಗಳು, ಆಮೇಲೆ ಅಂಕಿಗಳು ಇರುತ್ತವೆ. ಯಾವ ಊರಿನ ಯಾವ ಆಸ್ಪತ್ರೆ, ಯಾರನ್ನು ಸೇರಿಸಿಕೊಳ್ಳುತ್ತಾರೆ, ಎಥಿಕ್ಸ್ ಕಮಿಟಿ ಒಪ್ಪಿದೆಯಾ ಎಲ್ಲ ಯಾರು ಬೇಕಾದರೂ ನೋಡಬಹುದು. ಎಲ್ಲ ಇಂಗ್ಲಿಷಿನಲ್ಲಿದೆ, ಮನೆಯಲ್ಲಿ ಓದುವ ಮಕ್ಕಳಿದ್ದರೆ ಹೇಳಿ. ಕೋಲಾರ ಅಂತ ಹುಡುಕಿದರೆ ಎಂ.ಡಿ. ಓದುವವರ ಪ್ರಬಂಧದ ಕೆಲಸಗಳೂ ಬರುತ್ತವೆ, ಬೆಂಗಳೂರು ಅಂದರೆ ದೊಡ್ಡ ಕಂಪನಿಗಳ ಸಾಲು ಸಾಲು. ಸಂಖ್ಯೆ ಕೇಳಿದರೆ ತಡವರಿಸುವವರ ಫೋನನ್ನು ಅಲ್ಲೇ ಇಟ್ಟುಬಿಡಿ.

ದೊಡ್ಡಮ್ಮನ ಬೆರಳು ಮತ್ತೆ ಬೆಳಗಿನ ಹೊತ್ತು ಬಿಗಿಯುತ್ತಿವೆ, ಮೊದಲಿನಷ್ಟಲ್ಲ. ಮೊನ್ನೆ ಹೋಗಿದ್ದಾಗ ಅವಳು ಆ ಕೋಆರ್ಡಿನೇಟರ್ ಹುಡುಗಿಯ ನಂಬರಿಗೆ ಫೋನ್ ಹಚ್ಚಿದ್ದಳು. ಯಾರೋ ಹುಡುಗ ಎತ್ತಿದ. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

‘ಅವರು ಕೆಲಸ ಬಿಟ್ಟಿದ್ದಾರೆ ಅಮ್ಮಾ. ಈ ನಂಬರ್ ಈಗ ಅಸ್ತಮಾ ಸ್ಟಡಿಯದು.’

‘ಅದರಲ್ಲೂ ಫೋನ್ ಮಾಡಿ ವಿಚಾರಿಸ್ತೀರೇನಪ್ಪಾ?’

‘ಮಾಡ್ತೀವಿ ಅಮ್ಮಾ.’

‘ನಮ್ಮ ಬೀದಿ ಕೊನೇಲಿ ಒಬ್ಬ ಟೈಲರ್ ಇದ್ದಾನೆ, ರಾತ್ರಿಯೆಲ್ಲ ಉಬ್ಬಸ. ಹೆಂಡ್ತಿ ಇಲ್ಲ ಪಾಪ. ಅವನನ್ನ ಸೇರಿಸ್ಕೊಳ್ಳಿ.’

ನಾನು ಫೋನ್ ಇಸ್ಕೊಂಡು ಸಿಟಿಆರ್‌ಐ ನಂಬರ್ ಕೇಳಿದೆ. ಹುಡುಗ ಒಂದು ಕ್ಷಣ ಸುಮ್ಮನಾದ. ಆಮೇಲೆ ‘ವಾಟ್ಸಾಪ್ ಮಾಡ್ತೀನಿ ಮೇಡಂ’ ಅಂದ. ಸಂಜೆಯೊಳಗೆ ಮಾಡಿದ ಕೂಡ. ಟೈಲರ್ ಇನ್ನೂ ಯೋಚನೆ ಮಾಡುತ್ತಿದ್ದಾನೆ, ಅವನಿಗೆ ನಾಮಿನಿ ಯಾರನ್ನ ಬರೆಸೋದು ಅನ್ನೋದೇ ಚಿಂತೆಯಂತೆ.